ಕಿಟಕಿಯಿಲ್ಲದ ಕ್ಯಾಬಿನ್ನಿನವರು

ಸೆಪ್ಟೆಂಬರ್ ಎರಡನೇ ವಾರದಲ್ಲಿ ಫ್ಲೋರಿಡಾದ ಬಂದರುಗಳಲ್ಲಿ ಹಡಗು ಹತ್ತಲು ನಿಂತವರ ಸಾಲನ್ನು ಒಮ್ಮೆ ನೋಡಬೇಕು. ಶಾಲೆಗಳು ತೆರೆದಿರುವುದರಿಂದ ಮಕ್ಕಳು ಕಾಣುವುದಿಲ್ಲ. ಚಂಡಮಾರುತದ ಕಾಲ ಬಿರುಸಾಗಿರುವುದರಿಂದ ಹೊಸ ಮದುಮಕ್ಕಳೂ ಕಡಿಮೆ. ಸಾಲಿನಲ್ಲಿರುವವರು ಬಹುಪಾಲು ಅರವತ್ತು ದಾಟಿದವರು. ಶಾಲಾ ಬಸ್ಸು ಓಡಿಸಿ ನಿವೃತ್ತರಾದವರು, ಅಂಚೆ ಕಚೇರಿಯಲ್ಲಿ ಇದ್ದವರು, ನರ್ಸುಗಳು, ಲಾರಿ ರಿಪೇರಿ ಮಾಡಿದವರು. ವರ್ಷಕ್ಕೆ ಎರಡು, ಮೂರು, ಕೆಲವೊಮ್ಮೆ ನಾಲ್ಕು ಸಲ ಸಮುದ್ರಕ್ಕೆ ಹೋಗುವ ಈ ಜನರಲ್ಲಿ ಹಣವಂತರು ವಿರಳ. ಅಮೆರಿಕದಲ್ಲಿ ನಿವೃತ್ತರಿಗೆ ಸೋಷಿಯಲ್ ಸೆಕ್ಯುರಿಟಿಯಿಂದ ಬರುವ ಪಿಂಚಣಿ 2025ರಲ್ಲಿ ಸರಾಸರಿ ತಿಂಗಳಿಗೆ ಸುಮಾರು 2,000 ಡಾಲರ್. ಅಲ್ಲಿನ ಬಾಡಿಗೆ, ಔಷಧಿಗಳ ಮುಂದೆ ಅದು ದೊಡ್ಡ ಮೊತ್ತವಲ್ಲ. ಹಾಗಾದರೆ ಇವರಿಗೆ ಕ್ರೂಸ್ ಹೇಗೆ ಎಟಕುತ್ತದೆ?

ಹಡಗಿನ ಊಟದ ಮೇಜುಗಳಲ್ಲಿ ಇಂಥವರ ಜೊತೆ ಕೂತು ಮಾತಾಡಿದಾಗಲೆಲ್ಲ ನನಗೆ ಒಂದು ವಿಷಯ ಮತ್ತೆ ಮತ್ತೆ ಕಂಡಿದೆ. ಅವರು ಟಿಕೆಟ್ಟಿನ ದರವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಮನೆ ಬಾಗಿಲು ಹಾಕಿದ ಗಳಿಗೆಯಿಂದ ಮತ್ತೆ ತೆಗೆಯುವವರೆಗೆ ಆಗುವ ಎಲ್ಲ ಖರ್ಚನ್ನೂ ಕೂಡಿಸಿ, ರಾತ್ರಿಗಳ ಸಂಖ್ಯೆಯಿಂದ ಭಾಗಿಸುತ್ತಾರೆ. ‘ರಾತ್ರಿಗೆ ಎಷ್ಟು ಬಿತ್ತು?’ ಎಂಬುದೊಂದೇ ಅವರ ಪ್ರಶ್ನೆ.

ಉದಾಹರಣೆಗೆ ಹೀಗೆ ಇಟ್ಟುಕೊಳ್ಳಿ. ಹಳೆಯ ಹಡಗು, ಕಿಟಕಿಯಿಲ್ಲದ ಕ್ಯಾಬಿನ್, ಬೇಡಿಕೆ ಇಳಿದ ತಿಂಗಳು, ಏಳು ರಾತ್ರಿ. ಒಬ್ಬರಿಗೆ ಟಿಕೆಟ್ 450 ಡಾಲರ್, ತೆರಿಗೆ ಮತ್ತು ಬಂದರು ಶುಲ್ಕ 130, ಟಿಪ್ಸ್ ದಿನಕ್ಕೆ 16ರಂತೆ 112. ಇಬ್ಬರಿಗೆ 1,384 ಡಾಲರ್. ಕಾರನ್ನು ಬಂದರಿನಲ್ಲಿ ನಿಲ್ಲಿಸಿದ್ದಕ್ಕೆ 150 ಸೇರಿಸಿದರೆ 1,534. ಏಳರಿಂದ ಭಾಗಿಸಿದರೆ ಇಬ್ಬರಿಗೂ ಸೇರಿ ರಾತ್ರಿಗೆ ಸುಮಾರು 219 ಡಾಲರ್. ಮಲಗಲು ಜಾಗ, ಮೂರು ಹೊತ್ತಿನ ಊಟ, ಸಂಜೆಯ ನಾಟಕ ಸಂಗೀತ, ಜೊತೆಗೆ ಮೂರು ಊರು ಎಲ್ಲವೂ ಅದರಲ್ಲೇ ಬಂತು. ಇಂಥ ಪ್ರವಾಸ ವರ್ಷಕ್ಕೆ ಎರಡಾದರೆ ತಿಂಗಳಿಗೆ ತೆಗೆದಿಡಬೇಕಾದದ್ದು ಸುಮಾರು 256 ಡಾಲರ್. ಅಮೆರಿಕದಲ್ಲಿ ಹೊಸ ಕಾರಿನ ಸಾಲದ ತಿಂಗಳ ಕಂತು ಈಗ ಸರಾಸರಿ 700 ಡಾಲರ್ ದಾಟಿದೆ. ನಾನು ಕಂಡ ಖಾಯಂ ಪ್ರಯಾಣಿಕರಲ್ಲಿ ಹೆಚ್ಚಿನವರು ಹಳೆಯ ಕಾರನ್ನೇ ಓಡಿಸುತ್ತಾರೆ. ಅವರ ಕ್ರೂಸಿನ ಹಣ ಹುಟ್ಟುವುದೇ ಅಲ್ಲಿ. ಪಿಂಚಣಿ ಬಂದ ದಿನವೇ ನಿಗದಿತ ಮೊತ್ತ ಬೇರೆ ಖಾತೆಗೆ ಹೋಗುತ್ತದೆ. ಆ ಖಾತೆಯ ಕಾರ್ಡನ್ನು ದಿನಸಿ ಅಂಗಡಿಗೆ ಒಯ್ಯುವುದಿಲ್ಲ.

ಈಗ ಕಂಪನಿಯ ಕಡೆಯ ಲೆಕ್ಕ ನೋಡಿ. ದೊಡ್ಡ ಕ್ರೂಸ್ ಕಂಪನಿಗಳ ಆದಾಯದಲ್ಲಿ ಸುಮಾರು ಮೂರನೇ ಒಂದು ಭಾಗ ಬರುವುದು ಟಿಕೆಟ್ಟಿನಿಂದಲ್ಲ. ಹಡಗು ಹತ್ತಿದ ಮೇಲೆ ಪ್ರಯಾಣಿಕರು ಮಾಡುವ ಖರ್ಚಿನಿಂದ. ಮದ್ಯ, ಕ್ಯಾಸಿನೊ, ಮಸಾಜ್, ಇಂಟರ್‌ನೆಟ್, ಫೋಟೊ, ಬಂದರಿನ ಬಸ್ಸು ಪ್ರವಾಸ. ಕ್ಯಾಬಿನ್ ಖಾಲಿ ಹೋದರೆ ಈ ಯಾವುದರ ಹಣವೂ ಬರುವುದಿಲ್ಲ. ಆದ್ದರಿಂದ ಕೊನೆಯ ಕ್ಯಾಬಿನ್ ತುಂಬುವವರೆಗೂ ದರ ಇಳಿಸಲು ಅವರು ಹಿಂಜರಿಯುವುದಿಲ್ಲ. ಮೇಲಿನ ನನ್ನ ಉದಾಹರಣೆಗೇ ದಿನಕ್ಕೆ 70 ಡಾಲರಿನ ಮದ್ಯದ ಪ್ಯಾಕೇಜನ್ನು ಇಬ್ಬರಿಗೆ ಸೇರಿಸಿ, ಅದರ ಮೇಲೆ ಶೇ. 18 ಸೇವಾ ಶುಲ್ಕ ಹಾಕಿ; ದಿನಕ್ಕೆ 20ರಂತೆ ಇಬ್ಬರಿಗೂ ಸೇರಿ ಒಂದು ವೈಫೈ, ಮೂರು ಬಂದರುಗಳಲ್ಲಿ ಇಬ್ಬರಿಗೂ ತಲಾ 80 ಡಾಲರಿನ ಪ್ರವಾಸ ಕೂಡಿಸಿ. ಸುಮಾರು 1,776 ಡಾಲರ್ ಆಯಿತು. ಇಡೀ ಪ್ರವಾಸದ ಖರ್ಚಿಗಿಂತ ಹೆಚ್ಚು! ಅದೇ ಹಡಗು, ಅದೇ ಸಮುದ್ರ, ಎರಡು ಪಟ್ಟು ಹಣ. ಮಿತವ್ಯಯಿಗಳ ಇಡೀ ವಿದ್ಯೆ ಈ ಎರಡನೇ ಪಟ್ಟಿಯನ್ನು ಮುಟ್ಟದೆ ಇರುವುದರಲ್ಲಿದೆ.

ಮುಟ್ಟದಿದ್ದರೆ ಕಳೆದುಕೊಳ್ಳುವುದು ಏನು? ನನ್ನ ಮಟ್ಟಿಗೆ ಏನೂ ಇಲ್ಲ. ಪೋರ್ಟೊ ರಿಕೊದ ಸಾನ್ ಹುವಾನ್‌ನಲ್ಲಿ ಹಡಗು ನಿಲ್ಲುವುದೇ ಹಳೆಯ ಊರಿನ ಪಕ್ಕಕ್ಕೆ. ಇಳಿದು ನಡೆದರೆ ಕಲ್ಲು ಹಾಸಿದ ಬೀದಿಗಳು, ಬಣ್ಣ ಬಳಿದ ಮನೆಗಳು, ಕೊನೆಯಲ್ಲಿ ಅಟ್ಲಾಂಟಿಕ್ಕಿಗೆ ಎದೆ ಕೊಟ್ಟು ನಿಂತ ಸ್ಪೇನಿನವರ ಎಲ್ ಮೊರ್ರೊ ಕೋಟೆ. ಬಸ್ಸೂ ಬೇಡ, ಗೈಡೂ ಬೇಡ. ಬಹಾಮಾಸ್‌ನ ನಸ್ಸೌನಲ್ಲೂ ಪೇಟೆ ಕಾಲ್ನಡಿಗೆಯ ದೂರ. ಅನುಭವಸ್ಥರು ಬುಕ್ ಮಾಡುವ ಮೊದಲೇ ಹಡಗು ಊರಿನ ಹತ್ತಿರ ನಿಲ್ಲುತ್ತದೋ, ಹತ್ತಾರು ಮೈಲಿ ಆಚೆಯ ಬಂದರಿನಲ್ಲೋ ಎಂದು ನಕ್ಷೆ ತೆಗೆದು ನೋಡುತ್ತಾರೆ. ನೂರು ಡಾಲರ್ ಉಳಿಸುವ ಐದು ನಿಮಿಷದ ಕೆಲಸ ಅದು.

ಕ್ಯಾಬಿನ್ನಿನ ವಿಷಯಕ್ಕೆ ಬರುತ್ತೇನೆ. ಕಿಟಕಿಯಿಲ್ಲದ ಒಳಗಿನ ಕ್ಯಾಬಿನ್ ಎಂದರೆ ನಮ್ಮವರು ಮೂಗು ಮುರಿಯುತ್ತಾರೆ. ಅಷ್ಟು ದೂರ ಹೋಗಿ ಗೋಡೆ ನೋಡುವುದೇ ಎಂದು ಕೇಳುತ್ತಾರೆ. ಬಾಲ್ಕನಿ ಕ್ಯಾಬಿನ್ನಿಗೆ ಎಷ್ಟೋ ಸಲ ಅದರ ಒಂದೂವರೆ ಪಟ್ಟು, ಎರಡು ಪಟ್ಟು ದರ ಇರುತ್ತದೆ. ಆದರೆ ಒಳಗಿನ ಕ್ಯಾಬಿನ್ನಿನವರೇ ಹೆಚ್ಚು ಸಮುದ್ರ ನೋಡುತ್ತಾರೆ ಎಂಬುದು ನನ್ನ ದೃಢ ಅಭಿಪ್ರಾಯ. ಬೆಳಕಿಗಾಗಿ ಅವರು ಹೊರಗೆ ಬರಲೇಬೇಕು. ಬೆಳಗಿನ ಜಾವ ಡೆಕ್ಕಿನ ಮೇಲೆ ಕಾಫಿ ಲೋಟ ಹಿಡಿದು ನಿಂತವರನ್ನು ಮಾತಾಡಿಸಿ ನೋಡಿ, ಬಹುತೇಕ ಅವರೇ. ಗಾಳಿ ಯಾವ ಕಡೆಯಿಂದ, ಯಾವ ದ್ವೀಪ ಎಷ್ಟು ಹೊತ್ತಿಗೆ ಕಾಣಿಸಿತು, ಹಾರುಮೀನು ಎಲ್ಲಿ ಎದ್ದಿತು, ಎಲ್ಲ ಅವರಿಗೆ ಗೊತ್ತು. ಕತ್ತಲೆ ಕೋಣೆಯ ನಿದ್ದೆಯೂ ಗಾಢ. ಕ್ಯಾಬಿನ್ ನಂಬರನ್ನು ಕಂಪನಿಯ ಆಯ್ಕೆಗೇ ಬಿಟ್ಟರೆ ದರ ಇನ್ನೂ ಇಳಿಯುತ್ತದೆ. ಅಲೆಗೆ ಹೊಟ್ಟೆ ತೊಳಸುವವರು ಮಾತ್ರ ಈ ಉಳಿತಾಯ ಮಾಡಬಾರದು. ಹಡಗಿನ ನಡುಭಾಗದ ಕೆಳ ಅಂತಸ್ತನ್ನು ಹಣ ಕೊಟ್ಟೇ ಆರಿಸಿಕೊಳ್ಳಬೇಕು.

ಹೊಸ ಹಡಗಿನ ಆಸೆಯನ್ನೂ ಇವರು ಬಿಟ್ಟಿರುತ್ತಾರೆ. 2024ರ ಜನವರಿಯಲ್ಲಿ ಮಯಾಮಿಯಿಂದ ಹೊರಟ ‘ಐಕಾನ್ ಆಫ್ ದ ಸೀಸ್’ 5,600ಕ್ಕೂ ಹೆಚ್ಚು ಜನರನ್ನು ಕ್ಯಾಬಿನ್ನಿಗೆ ಇಬ್ಬರಂತೆ ಹೊರುವ ಹಡಗು. ನೀರಿನ ಜಾರುಬಂಡೆಗಳು, ಜಲಪಾತ, ಉದ್ಯಾನ ಎಲ್ಲ ಅದರಲ್ಲಿದೆ. ದರವೂ ಹಾಗೆಯೇ ಇದೆ. ಮಕ್ಕಳಿದ್ದರೆ ಸರಿ. ಸಮುದ್ರ ಬೇಕೆಂದು ಬರುವವರಿಗೆ ಇಪ್ಪತ್ತು ವರ್ಷ ಹಳೆಯ ಸಣ್ಣ ಹಡಗಿನ ಮರದ ಡೆಕ್ಕೇ ಲೇಸು. ಅಲ್ಲಿ ನೀರು ಕಣ್ಣಿಗೆ ಹತ್ತಿರ, ಎಂಜಿನ್ನಿನ ಮಿಡಿತ ಕಾಲಿಗೆ ತಿಳಿಯುತ್ತದೆ, ಮೂರನೇ ದಿನಕ್ಕೆ ಪರಿಚಾರಕರು ನಿಮ್ಮ ಹೆಸರು ಹಿಡಿದು ಕರೆಯುತ್ತಾರೆ.

ಎಲ್ಲಕ್ಕಿಂತ ಒಳ್ಳೆಯದನ್ನು ಹೇಳುತ್ತೇನೆ. ಕಡಿಮೆ ಹಣಕ್ಕೆ ಸಿಗುವ ಅತ್ಯಂತ ಶ್ರೇಷ್ಠ ಪ್ರಯಾಣವೆಂದರೆ ಹಡಗುಗಳು ಋತು ಬದಲಾದಾಗ ನೆಲೆ ಬದಲಿಸುವ ಪ್ರಯಾಣ. ಬೇಸಿಗೆಯಲ್ಲಿ ಯುರೋಪಿನಲ್ಲಿ ದುಡಿದ ಹಡಗುಗಳು ಅಕ್ಟೋಬರ್, ನವೆಂಬರಿನಲ್ಲಿ ಕೆರಿಬಿಯನ್ ಕಡೆಗೆ ಬರಬೇಕು. ಏಪ್ರಿಲ್, ಮೇನಲ್ಲಿ ಮತ್ತೆ ಹಿಂದಕ್ಕೆ. ಹೇಗೂ ಹೋಗಲೇಬೇಕಾದ ಹಡಗು, ಖಾಲಿ ಹೋಗುವುದಕ್ಕಿಂತ ಅಗ್ಗಕ್ಕೆ ಜನರನ್ನು ಹತ್ತಿಸಿಕೊಂಡು ಹೋಗುತ್ತದೆ. ಬಾರ್ಸಿಲೋನಾದಿಂದ ಫ್ಲೋರಿಡಾಕ್ಕೆ ಎರಡು ವಾರ, ಅದರಲ್ಲಿ ಅರ್ಧದಷ್ಟು ದಿನ ನೆಲವೇ ಕಾಣದ ಬರೀ ಸಮುದ್ರ. ದಾರಿಯಲ್ಲಿ ಮದೀರಾ, ಕ್ಯಾನರಿ ಅಥವಾ ಅಸೋರಸ್ ದ್ವೀಪಗಳಲ್ಲಿ ಒಂದು ನಿಲುಗಡೆ. ಇಷ್ಟು ದಿನ ರಜೆ ಸಿಗದವರು, ಬಂದರುಗಳ ಪಟ್ಟಿ ಉದ್ದ ಇರಲೇಬೇಕು ಎನ್ನುವವರು ಇದನ್ನು ಹತ್ತುವುದಿಲ್ಲ. ಹೀಗಾಗಿ ರಾತ್ರಿಯ ಲೆಕ್ಕದಲ್ಲಿ ಇದರಷ್ಟು ಅಗ್ಗ ಬೇರೆ ಸಿಗುವುದು ಅಪರೂಪ. ಹೋಗುವುದಾದರೆ ಶರತ್ಕಾಲದಲ್ಲಿ ಪಶ್ಚಿಮಕ್ಕೆ ಹೋಗಬೇಕು. ಎರಡು ಮೂರು ರಾತ್ರಿಗೊಮ್ಮೆ ಗಡಿಯಾರ ಒಂದು ಗಂಟೆ ಹಿಂದಕ್ಕೆ ಸರಿಯುತ್ತದೆ, ಇಪ್ಪತ್ತೈದು ಗಂಟೆಯ ದಿನಗಳು ಸಿಗುತ್ತವೆ. ವಸಂತದಲ್ಲಿ ಪೂರ್ವಕ್ಕೆ ಹೋದರೆ ಆ ಗಂಟೆಗಳನ್ನೆಲ್ಲ ನಿದ್ದೆಯಿಂದ ಕಳೆದುಕೊಳ್ಳಬೇಕು. ವಾಪಸು ಬರಲು ಒಂದು ಕಡೆಯ ವಿಮಾನ ಟಿಕೆಟ್ ತೆಗೆಯಬೇಕೆಂಬುದನ್ನು ಮಾತ್ರ ರಾತ್ರಿಯ ಲೆಕ್ಕಕ್ಕೆ ಸೇರಿಸಿಯೇ ತೀರ್ಮಾನಿಸಿ. ಮಂಗಳೂರಿನ ಪಣಂಬೂರಿನ ಬಂದರಿಗೂ ಹೀಗೆ ಯುರೋಪಿನಿಂದ ಏಷ್ಯಾದ ಕಡೆಗೆ ಸಾಗುವ ಹಡಗುಗಳು ಬಂದಿವೆ. ಬೆಳಿಗ್ಗೆ ಇಳಿದು ಕುದ್ರೋಳಿ, ಮೂಡುಬಿದಿರೆ, ಗೋಡಂಬಿ ಕಾರ್ಖಾನೆ ನೋಡಿ ಸಂಜೆ ಹಡಗಿಗೆ ಮರಳುವ ವಿದೇಶಿ ವೃದ್ಧರನ್ನು ನಾವು ಕೋಟ್ಯಧಿಪತಿಗಳೆಂದು ತಿಳಿಯುವುದುಂಟು. ಅವರಲ್ಲೂ ರಾತ್ರಿಯ ಲೆಕ್ಕ ಹಾಕಿ ಬಂದ ಪಿಂಚಣಿದಾರರಿರುತ್ತಾರೆ.

ಬುಕಿಂಗಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜನವರಿಯಿಂದ ಮಾರ್ಚ್‌ವರೆಗೆ ಕಂಪನಿಗಳು ಹೆಚ್ಚಿನ ಕೊಡುಗೆ ಪ್ರಕಟಿಸುತ್ತವೆ. ಸ್ವಲ್ಪ ಮುಂಗಡ ಕೊಟ್ಟರೆ ಕ್ಯಾಬಿನ್ ನಿಮ್ಮದು. ಪೂರ್ತಿ ಹಣ ಕಟ್ಟಲು ಸಾಮಾನ್ಯವಾಗಿ ಹೊರಡುವ ದಿನಕ್ಕೆ ಮೂರು ತಿಂಗಳು ಮೊದಲಿನವರೆಗೆ ಸಮಯ ಇರುತ್ತದೆ. ಆ ದಿನಾಂಕದೊಳಗೆ ದರ ಇಳಿದರೆ ಹೊಸ ದರಕ್ಕೆ ಬದಲಿಸಿಕೊಡಿ ಎಂದು ಕೇಳಬಹುದು. ಖಾಯಂ ಪ್ರಯಾಣಿಕರು ವಾರಕ್ಕೊಮ್ಮೆ ದರ ನೋಡಿಯೇ ನೋಡುತ್ತಾರೆ. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮತ್ತು ಕ್ರಿಸ್‌ಮಸ್ ನಡುವಿನ ವಾರಗಳಲ್ಲಿ ಚಂಡಮಾರುತದ ಕಾಲ ಮುಗಿದಿರುತ್ತದೆ, ದರ ಇನ್ನೂ ಏರಿರುವುದಿಲ್ಲ. ಹವೆ, ಹಣ ಎರಡೂ ಒದಗುವ ವಾರಗಳು ಅವೇ ಎನ್ನುತ್ತೇನೆ.

ಇದೇ ಮಿತವ್ಯಯದ ಹೆಸರಿನಲ್ಲಿ ಜನ ಜಾರುವ ಜಾಗಗಳೂ ಇವೆ. ಕನಿಷ್ಠ 100 ಷೇರು ಇಟ್ಟುಕೊಂಡವರಿಗೆ ಕಾರ್ನಿವಲ್, ರಾಯಲ್ ಕೆರಿಬಿಯನ್ ಕಂಪನಿಗಳು ಪ್ರತಿ ಪ್ರವಾಸಕ್ಕೆ ಒಂದಿಷ್ಟು ಡಾಲರನ್ನು ಹಡಗಿನ ಖಾತೆಗೆ ಹಾಕುವ ರೂಢಿ ಬಹಳ ಕಾಲ ನಡೆದುಕೊಂಡು ಬಂದಿದೆ. ಅದಕ್ಕೆಂದೇ ಷೇರು ಕೊಂಡವರಿದ್ದಾರೆ. 2020ರ ಆರಂಭದಲ್ಲಿ ಸುಮಾರು 50 ಡಾಲರ್ ಇದ್ದ ಕಾರ್ನಿವಲ್ ಷೇರು ಕೋವಿಡ್ ಬಂದು ಏಪ್ರಿಲ್ ಹೊತ್ತಿಗೆ 10 ಡಾಲರಿಗಿಂತ ಕೆಳಗಿಳಿಯಿತು, ಲಾಭಾಂಶವೂ ನಿಂತಿತು. ನೂರು ಡಾಲರಿನ ಉಡುಗೊರೆಗೆ ನಾಲ್ಕು ಸಾವಿರ ಡಾಲರ್ ಹೋಯಿತು. ಕ್ಯಾಸಿನೊ ಕೊಡುವ ‘ಉಚಿತ’ ಕ್ಯಾಬಿನ್ ಇದಕ್ಕಿಂತ ಕೆಟ್ಟದ್ದು. ಮೊದಲು ಜೂಜಿನಲ್ಲಿ ಎಷ್ಟು ಆಡಿದಿರಿ ಎಂಬ ಲೆಕ್ಕದ ಮೇಲೆ ಕೊಡುವ ಉಚಿತ ಅದು. ಒಂಟಿಯಾಗಿ ಹೋಗುವವರ ಕಷ್ಟ ಬೇರೆ. ದರ ಇಬ್ಬರ ಲೆಕ್ಕದಲ್ಲಿರುವುದರಿಂದ ಒಬ್ಬರೇ ಹೋದರೂ ಹೆಚ್ಚುಕಡಿಮೆ ಇಬ್ಬರದ್ದನ್ನೂ ಕಟ್ಟಬೇಕಾಗುತ್ತದೆ. 2010ರಲ್ಲಿ ‘ನಾರ್ವೇಜಿಯನ್ ಎಪಿಕ್’ ಹಡಗು ಒಬ್ಬರಿಗೆಂದೇ ಸಣ್ಣ ಕ್ಯಾಬಿನ್ನುಗಳನ್ನು ತಂದ ಮೇಲೆ ಸ್ವಲ್ಪ ದಾರಿಯಾಗಿದೆ. ಸಾಲದು. ವಿಧವೆಯರು, ವಿಧುರರು ಹೆಚ್ಚಾಗಿ ಬರುವ ಈ ಪ್ರಯಾಣದಲ್ಲಿ ಇದು ಅನ್ಯಾಯವೆಂದೇ ನನಗೆ ಅನಿಸುತ್ತದೆ.

ನಮ್ಮಲ್ಲೂ ಈ ಲೆಕ್ಕ ಶುರುವಾಗಿದೆ. 2021ರಿಂದ ಮುಂಬಯಿಯನ್ನು ನೆಲೆ ಮಾಡಿಕೊಂಡ ಕಾರ್ಡೇಲಿಯಾ ಕಂಪನಿಯ ‘ಎಂಪ್ರೆಸ್’ 1990ರಲ್ಲಿ ‘ನಾರ್ಡಿಕ್ ಎಂಪ್ರೆಸ್’ ಹೆಸರಿನಲ್ಲಿ ಮಯಾಮಿಯಿಂದ ಬಹಾಮಾಸ್‌ಗೆ ಮೂರು ನಾಲ್ಕು ರಾತ್ರಿಯ ಪ್ರಯಾಣಕ್ಕೆಂದೇ ಕಟ್ಟಿದ ಹಡಗು. ಅಲ್ಲಿನ ಸಾಮಾನ್ಯರನ್ನು ಸಮುದ್ರಕ್ಕೆ ಒಯ್ದದ್ದೇ ಇಲ್ಲಿಯವರನ್ನು ಗೋವಾ, ಲಕ್ಷದ್ವೀಪದ ಕಡೆಗೆ ಒಯ್ದಿದೆ. ವಾರಾಂತ್ಯ ಬಿಟ್ಟು ನಡುವಾರದಲ್ಲಿ ಹೋಗಿ, ಮಳೆಗಾಲದ ಅಂಚಿನ ದಿನಗಳನ್ನು ನೋಡಿ, ಬೆಂಗಳೂರಿನಿಂದ ಮುಂಬಯಿಗೆ ಆಗುವ ಖರ್ಚನ್ನು ಸೇರಿಸಿಯೇ ರಾತ್ರಿಯ ದರ ತೆಗೆಯಿರಿ. ಅಮೆರಿಕದ ಮಕ್ಕಳ ಮನೆಗೆ ಹೋಗಿ ಅಲ್ಲಿಂದ ಹಡಗು ಹತ್ತುವ ಅಪ್ಪ ಅಮ್ಮಂದಿರು ಪ್ರತಿ ಬಂದರಿನ ವೀಸಾ ನಿಯಮವನ್ನು ಹಣ ಕಟ್ಟುವ ಮೊದಲೇ ನೋಡಿಕೊಳ್ಳಬೇಕು.

ಉಳಿಸಬಾರದ ಕಡೆ ಎರಡಿವೆ. ಮೊದಲನೆಯದು ವಿಮೆ. ಅಮೆರಿಕದ ಹಿರಿಯರಿಗೆ ಸರ್ಕಾರ ಕೊಡುವ ಮೆಡಿಕೇರ್ ಕೂಡ ಅಲ್ಲಿನ ಬಂದರಿನಿಂದ 6 ಗಂಟೆಗಿಂತ ಹೆಚ್ಚು ದೂರ ಹೋದ ಹಡಗಿನಲ್ಲಿ ಆಗುವ ಚಿಕಿತ್ಸೆಗೆ ಹಣ ಕೊಡುವುದಿಲ್ಲ. ನಡುಸಮುದ್ರದಿಂದ ಹೆಲಿಕಾಪ್ಟರಿನಲ್ಲಿ ಆಸ್ಪತ್ರೆಗೆ ಒಯ್ಯಬೇಕಾಗಿ ಬಂದರೆ ಜೀವಮಾನದ ಉಳಿತಾಯ ಹೋಗಬಹುದು.

ಎರಡನೆಯದು ಟಿಪ್ಸ್. ಕ್ರೂಸ್ ಹಡಗುಗಳು ಬಹುತೇಕ ಬಹಾಮಾಸ್, ಪನಾಮಾದಂಥ ದೇಶಗಳಲ್ಲಿ ನೋಂದಣಿಯಾದವು. ಅಮೆರಿಕದ ಕಾರ್ಮಿಕ ವೇತನದ ನಿಯಮ ಅವುಗಳಿಗೆ ಅನ್ವಯಿಸುವುದಿಲ್ಲ. ನಮಗೆ ಸಿಗುವ ಅಗ್ಗದ ರಾತ್ರಿಯ ಬೇರು ಈ ವಿದೇಶಿ ಬಾವುಟದಲ್ಲಿದೆ. ಫಿಲಿಪ್ಪೀನ್ಸ್, ಇಂಡೋನೇಷ್ಯಾ, ಭಾರತದಿಂದ ಬಂದು ಆರೇಳು ತಿಂಗಳು ವಾರದ ರಜೆಯೂ ಇಲ್ಲದೆ ದುಡಿಯುವವರ ಸಂಬಳದಲ್ಲಿದೆ. ಅವರಲ್ಲಿ ನಮ್ಮ ಕರಾವಳಿಯ ಹುಡುಗರೂ ಇದ್ದಾರೆ. ಮಂಗಳೂರು, ಉಡುಪಿ ಕಡೆಯ ಎಷ್ಟೋ ಮನೆಗಳು ಹಡಗಿನ ದುಡಿಮೆಯಿಂದ ಎದ್ದಿವೆ. ದಿನಕ್ಕೆ ತಲಾ 16ರಿಂದ 20 ಡಾಲರ್ ನಿಮ್ಮ ಖಾತೆಗೆ ತಾನೇ ಬೀಳುವ ಆ ಟಿಪ್ಸ್ ಅವರ ಗಳಿಕೆಯ ಭಾಗ. ಕೌಂಟರಿಗೆ ಹೋಗಿ ಅದನ್ನು ತೆಗೆಸಿಹಾಕಲು ಹಲವು ಕಂಪನಿಗಳಲ್ಲಿ ಅವಕಾಶವಿದೆ, ಕೊನೆಯ ರಾತ್ರಿ ಅದಕ್ಕೆಂದೇ ಸಾಲು ನಿಲ್ಲುವವರೂ ಇದ್ದಾರೆ. ಓದುಗರಲ್ಲಿ ನನ್ನ ಕೋರಿಕೆ ಇಷ್ಟೇ. ಆ ಸಾಲಿನಲ್ಲಿ ನಿಲ್ಲಬೇಡಿ. ಟಿಪ್ಸ್ ಸೇರಿಸಿದಾಗ ಲೆಕ್ಕ ಕೈಮೀರುತ್ತದೆ ಎನಿಸಿದರೆ ಏಳು ರಾತ್ರಿಯ ಬದಲು ಐದು ರಾತ್ರಿಯ ಹಡಗು ಹಿಡಿಯಿರಿ.