ಹೆಜ್ಜೆ ಯಾರದು, ಹೆಸರು ಯಾರದು?

ಗದ್ದೆ ಕೊಯ್ಲು ಮುಗಿದರೆ ಹೊನ್ನಾವರ ಸೀಮೆಯಲ್ಲಿ ಯಕ್ಷಗಾನದ ಆಟದ ಕಾಲ. ಶರಾವತಿ ಸುತ್ತುವರಿದ ಮಾವಿನಕುರ್ವೆಯಲ್ಲಿ ಕೂತರೂ, ಆಚೆ ದಡದ ಚಂಡೆ ನೀರಿನ ಮೇಲೆ ತೇಲಿ ಬಂದು ಕಿವಿಗೆ ಬೀಳುತ್ತದೆ. ಅಂಥ ಒಂದು ರಾತ್ರಿ ಹದಿಹರೆಯದ ಹುಡುಗನೊಬ್ಬ ಕೀಚಕನಾಗಿ ರಂಗಸ್ಥಳಕ್ಕೆ ಬಂದ. ಒಂದು ಕಾಲು ಮುಂದಿಟ್ಟು, ಸೊಂಟ ಬಳುಕಿಸಿ, ಹುಬ್ಬು ಹಾರಿಸಿ ಸೈರಂಧ್ರಿಯ ದಾರಿ ಕಾಯತೊಡಗಿದ. ಪಕ್ಕದಲ್ಲಿದ್ದ ಹಿರಿಯರು, ‘ಚಿಟ್ಟಾಣಿಯವರದ್ದೇ ಹೆಜ್ಜೆ ಮಾರಾಯ’ ಎಂದರು. ಅದು ದೂರಲ್ಲ, ಮೆಚ್ಚುಗೆ. 2017ರಲ್ಲಿ ತೀರಿಕೊಂಡ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕುಣಿತ ಇಂದಿಗೂ ಹತ್ತಾರು ಕಾಲುಗಳಲ್ಲಿ ಬದುಕಿದೆ. ಯಾರೂ ಯಾರಿಂದಲೂ ಅನುಮತಿ ಕೇಳಿಲ್ಲ.

ಹಾಗಾದರೆ ಯಕ್ಷಗಾನದ ಒಂದು ರೂಪ ಒಬ್ಬರ ಸೊತ್ತಾಗಬಹುದೆ? ಈ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. 2009ರ ಜನವರಿ 23ರಂದು ಬಂದ ಆ ತೀರ್ಪು ನಮ್ಮ ಕಲೆಯ ಬಗ್ಗೆ ಅಷ್ಟು ಮುಖ್ಯವಾದದ್ದು. ಆದರೂ ಚೌಕಿಯಲ್ಲಿ ಅದರ ಚರ್ಚೆ ನಡೆಯುವುದೇ ಇಲ್ಲ.

ಶಿವರಾಮ ಕಾರಂತರು ಇಡೀ ರಾತ್ರಿಯ ಬಯಲಾಟವನ್ನು ಕೆಲವೇ ಗಂಟೆಗಳಿಗೆ ಇಳಿಸಿದರು. ಮಾತು ಕಡಿಮೆ ಮಾಡಿ ಕುಣಿತಕ್ಕೆ ಜಾಗ ಕೊಟ್ಟರು. ಚಂಡೆ ಮದ್ದಲೆಗಳ ಜೊತೆ ಪಿಟೀಲು, ಸ್ಯಾಕ್ಸೋಫೋನ್ ತಂದರು. ವೇಷ, ರಾಗ, ರಂಗಸಜ್ಜಿಕೆಗಳನ್ನೂ ತಿದ್ದಿ ಅದನ್ನು ಯಕ್ಷರಂಗ ಎಂದು ಕರೆದರು. 1997ರಲ್ಲಿ ಅವರು ತೀರಿಕೊಂಡರು. 2001ರ ಸೆಪ್ಟೆಂಬರಿನಲ್ಲಿ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ದೆಹಲಿಯಲ್ಲಿ ‘ಅಭಿಮನ್ಯು ವಧೆ’ ಆಡಿಸಿತು. ಕಾರಂತರ ಉಯಿಲಿನ ಬಲದಿಂದ ಹಕ್ಕು ತಮ್ಮದೆಂದವರು ದಾವೆ ಹೂಡಿದರು. ಉಡುಪಿಯ ಜಿಲ್ಲಾ ನ್ಯಾಯಾಲಯವೂ ಹೈಕೋರ್ಟೂ ಅವರ ಪರ ನಿಂತವು.

ಸುಪ್ರೀಂ ಕೋರ್ಟ್ ಒಂದು ಗೆರೆಯನ್ನು ಚೆನ್ನಾಗಿ ಎಳೆಯಿತು: ಪ್ರಸಂಗದ ಪಠ್ಯ ಸಾಹಿತ್ಯ ಕೃತಿ, ಅದನ್ನು ಕುಣಿಸುವ ರೂಪ ನಾಟಕ ಕೃತಿ, ಎರಡೂ ಒಂದಲ್ಲ. ಕುಣಿತದ ಹಕ್ಕು ಪುಸ್ತಕಗಳ ಹಕ್ಕಿನ ಜೊತೆ ಬರಲಿಲ್ಲ, ಉಯಿಲಿನಲ್ಲಿ ಉಳಿದ ಆಸ್ತಿಗೆಂದು ಬರೆದ ಕಲಮಿನಿಂದ ಬಂತು ಎಂದು ಹೇಳಿ, ಪ್ರದರ್ಶನದ ಮೇಲೆ ಕೆಳಗಿನ ನ್ಯಾಯಾಲಯ ಕೊಟ್ಟಿದ್ದ ತಡೆಯಾಜ್ಞೆಯನ್ನು ಎತ್ತಿಹಿಡಿಯಿತು. ಜೊತೆಗೆ, 1957ರ ಕೃತಿಸ್ವಾಮ್ಯ ಕಾಯಿದೆಯ 52ನೇ ಸೆಕ್ಷನ್ನಿನ ಮಿತಿಯೊಳಗೆ ಶಿಕ್ಷಣಸಂಸ್ಥೆಯ ಚಟುವಟಿಕೆಯಾಗಿ, ಅಥವಾ ಹವ್ಯಾಸಿ ತಂಡವಾಗಿ ಟಿಕೆಟಿಲ್ಲದ ಪ್ರೇಕ್ಷಕರ ಮುಂದೆ ಆಡಿದರೆ ತಡೆ ಅನ್ವಯಿಸದು ಎಂದೂ ಸೇರಿಸಿತು.

ಮೇಳದ ಹಿಂದಿನ ಬುದ್ಧಿ ಒಬ್ಬ ಮನುಷ್ಯನದು ಎಂದು ದೇಶದ ಅತ್ಯುನ್ನತ ನ್ಯಾಯಾಲಯ ಒಪ್ಪಿದ್ದು ಈ ತೀರ್ಪಿನ ದೊಡ್ಡ ಗುಣ. ಜಾನಪದ ಎಂಬ ಹಣೆಪಟ್ಟಿ ಅಂಟಿಸಿ ಕಲಾವಿದನ ಹೆಸರನ್ನೇ ಅಳಿಸುವ ನಮ್ಮ ಚಾಳಿಗೆ ಇದು ತಕ್ಕ ಉತ್ತರ. ಆದರೆ ಕೊರತೆಯೂ ಅಷ್ಟೇ ದೊಡ್ಡದು. ‘ಅಭಿಮನ್ಯು ವಧೆ’ಯ ಕುಣಿತದಲ್ಲಿ ಕಾರಂತರದ್ದು ಎಷ್ಟು, ಬಡಗುತಿಟ್ಟಿನ ಭಾಗವತರಿಂದ, ವೇಷಧಾರಿಗಳಿಂದ ಬಂದದ್ದೆಷ್ಟು? ಎತ್ತುಗಡೆ ಯಾರದು, ಮುಕ್ತಾಯ ಯಾರದು? ಪಠ್ಯವನ್ನೂ ಕುಣಿತವನ್ನೂ ಬೇರ್ಪಡಿಸಿದ ನ್ಯಾಯಾಲಯ, ಪರಂಪರೆಯನ್ನೂ ಪ್ರತಿಭೆಯನ್ನೂ ಹೀಗೆ ಹೆಜ್ಜೆಹೆಜ್ಜೆಗೆ ಬೇರ್ಪಡಿಸಲಿಲ್ಲ. ಹೊಸದಾಗಿ ಏನನ್ನಾದರೂ ಕಟ್ಟಲು ಹೊರಟ ಮೇಳಕ್ಕೆ ಬೇಕಾದ ಬೇಲಿ ಎಲ್ಲಿದೆಯೆಂದು ಈ ತೀರ್ಪು ಓದಿ ಗೊತ್ತಾಗುವುದಿಲ್ಲ.

ಇದೇ ತೊಡಕನ್ನು ಅಮೆರಿಕದ ಗಿಟಾರ್ ತಯಾರಕರಲ್ಲೂ ಕಾಣಬಹುದು. ಗಿಬ್ಸನ್ ಕಂಪನಿ 1958ರಲ್ಲಿ ಇಂಗ್ಲಿಷಿನ ‘ವಿ’ ಅಕ್ಷರದ ಆಕಾರದ ಗಿಟಾರ್ ತಂದಿತು. ಅಂಥದೇ ಆಕಾರದ ಗಿಟಾರ್ ಮಾರುತ್ತಿದ್ದ ಡೀನ್ ಎಂಬ ಬ್ರ್ಯಾಂಡಿನ ಮೇಲೆ ಅದು ದಾವೆ ಹೂಡಿದ್ದು 2019ರಲ್ಲಿ. 2022ರಲ್ಲಿ ಗಿಬ್ಸನ್ ಗೆದ್ದಿತು. ಆದರೆ ದಶಕಗಳಿಂದ ಇತರರೂ ಅಂಥ ಆಕಾರವನ್ನು ಬಳಸುತ್ತಿದ್ದರೆಂಬ ಹಳೆಯ ಸಾಕ್ಷ್ಯವನ್ನು ಜ್ಯೂರಿಯ ಮುಂದೆ ಇಡಲು ಬಿಡಲಿಲ್ಲವೆಂದು 2024ರಲ್ಲಿ ಮೇಲ್ಮನವಿ ನ್ಯಾಯಾಲಯ ಮರುವಿಚಾರಣೆಗೆ ಆದೇಶಿಸಿತು. ಆಕಾರ ಯಾರಿಂದ ಹುಟ್ಟಿತು ಎಂದಷ್ಟೇ ಕೇಳಿದರೆ ಸಾಲದು, ಅದು ಎಷ್ಟು ಕಾಲ ಎಷ್ಟು ಜನರ ಕೈಯಲ್ಲಿ ಬಳಕೆಯಾಗಿದೆ ಎಂದೂ ಕೇಳಬೇಕು ಎಂಬ ಈ ತತ್ವ ನನಗೆ ಸರಿಯೆನಿಸುತ್ತದೆ. ಯಕ್ಷಗಾನಕ್ಕೆ ಅದು ಇನ್ನೂ ಹೆಚ್ಚು ಒಪ್ಪುತ್ತದೆ. ಗಿಟಾರಿನ ಆಕಾರವನ್ನು ಅಳತೆಪಟ್ಟಿ ಹಿಡಿದು ನಕಲು ಮಾಡಬಹುದು. ಹೆಜ್ಜೆ ಹಾಗಲ್ಲ, ಗುರುವಿನ ಎದುರು ನಿಂತು ಮೈಗೂಡಿಸಿಕೊಂಡದ್ದು. ಕಲಿಕೆಯೇ ಅನುಕರಣೆಯಿಂದ ಶುರುವಾಗುವ ಕಲೆಯಲ್ಲಿ ಅನುಕರಣೆಯನ್ನು ಕಳವೆಂದರೆ ಕಲೆಯೇ ನಿಂತುಹೋಗುತ್ತದೆ.

ಹೆಸರಿನ ಮಾತು ಬೇರೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದ ಹೆಸರು ತಲೆಮಾರುಗಳ ದುಡಿಮೆಯಿಂದ ಬಂದದ್ದು. ಅಂಥ ಹೆಸರನ್ನು ಬೇರೊಂದು ತಂಡ ಬ್ಯಾನರಿಗೆ ಬಳಸಿದರೆ ಅದು ಪ್ರೇಕ್ಷಕರಿಗೂ ಮೋಸ, ದುಡಿದವರಿಗೂ ಮೋಸ. ಕಾನೂನು ಬಿಗಿಯಾಗಬೇಕಾದದ್ದು ಅಲ್ಲಿ.

ಕಾರಂತರ ಕೃತಿಸ್ವಾಮ್ಯ 2057ರ ಕೊನೆಯವರೆಗೂ ಇರುತ್ತದೆ. ಅಲ್ಲಿಯವರೆಗೆ ಕಾಯುವ ಬದಲು ಮೇಳಗಳೇ ಒಂದು ಕೆಲಸ ಮಾಡಲಿ. ಕರಪತ್ರದಲ್ಲಿ ಪ್ರಸಂಗಕರ್ತರ ಹೆಸರಿನ ಕೆಳಗೆ ಕುಣಿತ ಯಾರು ಕಟ್ಟಿದ್ದು, ಯಾವ ಹೆಜ್ಜೆ ಯಾರಿಂದ ಕಲಿತದ್ದು ಎಂದು ಎರಡು ಸಾಲು ಅಚ್ಚುಹಾಕಲಿ. ಆ ರಾತ್ರಿಯ ಹುಡುಗ ಕೀಚಕನ ಹೆಜ್ಜೆಯನ್ನು ಯಾರ ಅಪ್ಪಣೆಯೂ ಇಲ್ಲದೆ ಕುಣಿಯಲಿ. ಅದು ಚಿಟ್ಟಾಣಿಯವರದು ಎಂದು ಮಾತ್ರ ಬಾಯಿಬಿಟ್ಟು ಹೇಳಲಿ.