ಕೌರವನ ಪಕ್ಷದ ಮಾತು

ಮಳೆಗಾಲಕ್ಕೆ ಮುನ್ನ ಪತ್ತನಾಜೆಯ ದಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಕರಾವಳಿಯಲ್ಲಿ ತಾಳಮದ್ದಳೆಯ ಕಾಲ. ವೇಷ ಕಟ್ಟಿ ಕುಣಿಯುವ ಆಟದಲ್ಲಾದರೆ ರಾಕ್ಷಸ ಯಾರೆಂದು ಬಾಯಿ ತೆರೆಯುವ ಮೊದಲೇ ತಿಳಿಯುತ್ತದೆ. ತೆಂಕುತಿಟ್ಟಿನ ಬಣ್ಣದ ವೇಷದ ಮುಖದ ಮೇಲೆ ಅಕ್ಕಿಹಿಟ್ಟು, ಸುಣ್ಣದ ಚುಟ್ಟಿ ಎದ್ದು ಕಾಣುತ್ತದೆ. ತಾಳಮದ್ದಳೆಯ ಕೂಟದಲ್ಲಿ ಆ ಗುರುತಿಲ್ಲ. ಕೃಷ್ಣನೂ ಕೌರವನೂ ಪಂಚೆ, ಶಾಲಿನಲ್ಲೇ ಎದುರುಬದುರು ಕೂರುತ್ತಾರೆ. ಯಾರ ಕಡೆ ಧರ್ಮವಿದೆ ಎಂಬುದನ್ನು ಮಾತಿನಿಂದಲೇ ಅಳೆಯಬೇಕು.

ವಾಲಿ, ರಾವಣ, ಮಾಗಧರ ಅರ್ಥ, ಅಂದರೆ ಪಾತ್ರದ ಮಾತು, ಹೇಳುವಾಗ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಆ ಪಾತ್ರಗಳ ಪಕ್ಷವನ್ನು ಪೂರ್ತಿ ವಹಿಸಿಕೊಳ್ಳುತ್ತಿದ್ದರು. ಅದೇ ಈ ಕಲೆಯ ಧರ್ಮ. ‘ಕೃಷ್ಣಸಂಧಾನ’ ಪ್ರಸಂಗದ ಕೌರವನನ್ನೇ ನೋಡಿ. ಹಿರಿಯನಾದ ತನ್ನ ತಂದೆಗೆ ಕುರುಡಿನ ನೆಪದಲ್ಲಿ ಪಟ್ಟ ತಪ್ಪಿತು ಎನ್ನುತ್ತಾನೆ. ಧರ್ಮರಾಯ ಜೂಜಿನಲ್ಲಿ ತಾನಾಗಿಯೇ ಪಣವಿಟ್ಟ, ವನವಾಸ, ಅಜ್ಞಾತವಾಸದ ಅವಧಿ ಮುಗಿಯುವ ಮೊದಲೇ ಅರ್ಜುನ ಗೋಗ್ರಹಣದಲ್ಲಿ ಕಾಣಿಸಿಕೊಂಡ ಎನ್ನುತ್ತಾನೆ. ಒಂದೂ ಹಗುರ ಮಾತಲ್ಲ. ಕೊನೆಯದಕ್ಕೆ ವ್ಯಾಸಭಾರತದಲ್ಲಿ ಭೀಷ್ಮನೇ ಕಾಲಗಣನೆಗೆ ಇಳಿಯಬೇಕಾಯಿತು: ಐದು ವರ್ಷಕ್ಕೆ ಎರಡು ಅಧಿಕಮಾಸದಂತೆ ಎಣಿಸಿದರೆ 13 ವರ್ಷದ ಮೇಲೆ 5 ತಿಂಗಳು, 12 ರಾತ್ರಿ ಕಳೆದಿವೆ ಎಂದು.

ಆದರೆ ದ್ರೌಪದಿಯ ಮಾತು ಬಂದೊಡನೆ ಈ ವಾದ ದಾರಿ ಬದಲಿಸುತ್ತದೆ. ಅಲ್ಲಿಯವರೆಗೆ ಹಕ್ಕು, ನಿಯಮ ಎಂದವನು ಮಯಸಭೆಯ ಅವಮಾನವನ್ನು ಎತ್ತುತ್ತಾನೆ. ಸೀರೆ ಸೆಳೆಯಲು ಯಾವ ಜೂಜಿನ ನಿಯಮವೂ ಅಪ್ಪಣೆ ಕೊಡುವುದಿಲ್ಲ. ತನ್ನ ನೋವನ್ನು ದೊಡ್ಡದು ಮಾಡಿ, ತಾನು ಮಾಡಿದ್ದನ್ನು ಅದರ ಹಿಂದೆ ನಿಲ್ಲಿಸುವುದು: ಕೇಡಿನ ಗುರುತು ನನಗೆ ಸಿಗುವುದು ಇಲ್ಲಿ.

ಕೆಟ್ಟವನಿಗೆ ತಾನು ಕೆಟ್ಟವನೆಂದು ಗೊತ್ತಿರುವುದಿಲ್ಲವೇ? ಪಾಂಡವಗೀತೆಯ ಪ್ರಸಿದ್ಧ ಶ್ಲೋಕದಲ್ಲಿ ದುರ್ಯೋಧನ ಧರ್ಮ, ಅಧರ್ಮ ಎರಡನ್ನೂ ಬಲ್ಲೆನೆಂದು ಒಪ್ಪಿಕೊಳ್ಳುತ್ತಾನೆ. ಒಪ್ಪಿಕೊಂಡ ಮರುಕ್ಷಣವೇ ಹೊಣೆಯನ್ನು ಎದೆಯೊಳಗಿನ ಯಾವುದೋ ದೇವರ ಮೇಲೆ ಹಾಕುತ್ತಾನೆ. ತಿಳಿವಳಿಕೆಗೆ ಅಲ್ಲಿ ಕೊರತೆಯಿಲ್ಲ. ‘ಮಾಡಿದವನು ನಾನು’ ಎಂಬ ಮಾತೊಂದು ಹೊರಡುವುದಿಲ್ಲ.

ಸಾತ್ವಿಕ, ರಾಜಸ, ತಾಮಸ ಎಂಬ ವಿಂಗಡಣೆ ವೇಷ ಕಟ್ಟಲು ಬೇಕು. ಮನುಷ್ಯರಿಗೆ ಹಚ್ಚಿದರೆ ಅವರ ಮಾತು ಕೇಳುವ ಕೆಲಸವೇ ನಿಂತುಹೋಗುತ್ತದೆ, ನಮ್ಮನ್ನು ನಾವು ಸಾತ್ವಿಕರ ಸಾಲಿನಲ್ಲಿ ಕೂರಿಸಿಕೊಂಡು ನಿಶ್ಚಿಂತರಾಗುತ್ತೇವೆ. ಈ ಮಳೆಗಾಲ ಕೂಟಕ್ಕೆ ಹೋದರೆ ಕೌರವನ ವಾದವನ್ನು ಎಲ್ಲಿಯವರೆಗೆ ಒಪ್ಪಿದಿರೆಂದು ಗಮನಿಸಿ. ಅಣ್ಣತಮ್ಮಂದಿರ ಪಾಲಿನ ಜಗಳದಲ್ಲಿ ನಾವು ಹೂಡುವ ವಾದಗಳೂ ಅವೇ. ನಮ್ಮ ಮಾತು ಯಾವ ಪ್ರಶ್ನೆಗೆ ದಾರಿ ಬದಲಿಸುತ್ತದೆ ಎಂದು ಹುಡುಕುವುದನ್ನು ಕೌರವನ ಅರ್ಥ ಕಲಿಸುತ್ತದೆ.