ಪ್ರವಾಸಗ್ರಂಥಗಳಲ್ಲಿ ದಾರಿಯ ಮಾತು

ಪ್ರವಾಸಕಥನಗಳನ್ನು ಕುರಿತು ವಿಚಾರಮಾಡುವ ನಮ್ಮ ವಿಮರ್ಶಕರು ಪ್ರಾಯಶಃ ಅವುಗಳನ್ನು ಎರಡು ಭಾಗಗಳಾಗಿ ವಿಂಗಡಿಸಿಕೊಂಡೇ ಮುಂದಕ್ಕೆ ಸಾಗುತ್ತಾರೆ. ಲೇಖಕನು ಕಂಡು ಅನುಭವಿಸಿದುದನ್ನು ಹೇಳುವ ಭಾಗವೊಂದು. ಎಲ್ಲಿ ಇಳಿಯಬೇಕು, ಯಾವ ಋತುವಿನಲ್ಲಿ ಹೊರಡಬೇಕು, ಏನು ವೆಚ್ಚ ತಗಲುವುದು ಎಂದು ಮುಂದೆ ಹೋಗತಕ್ಕವರಿಗೆ ತಿಳಿಸುವ ಭಾಗವೊಂದು. ಮೊದಲನೆಯದಕ್ಕೆ ಸಾಹಿತ್ಯವೆಂಬ ಮನ್ನಣೆ ದೊರೆಯುತ್ತದೆ. ಎರಡನೆಯದನ್ನು ಕೈಪಿಡಿ ಬರೆಯುವವರ ಕೆಲಸವೆಂದು ಬದಿಗಿಡುತ್ತಾರೆ. ಲೇಖಕರೂ ಈ ತೀರ್ಪಿಗೆ ತಲೆಬಾಗಿ, ದಾರಿಯ ಮಾತುಗಳನ್ನು ಪುಸ್ತಕದ ಕೊನೆಯಲ್ಲಿ ಅನುಬಂಧವಾಗಿ ಸೇರಿಸುವುದೋ, ಪೂರ್ತಿಯಾಗಿ ಬಿಟ್ಟೇಬಿಡುವುದೋ ವಾಡಿಕೆಯಾಗಿದೆ. ಈ ವಿಂಗಡಣೆ ಸರಿಯಲ್ಲವೆಂದೂ, ಪ್ರವಾಸಗ್ರಂಥದ ಸತ್ಯವು ಪರೀಕ್ಷೆಗೆ ಒಳಗಾಗುವುದು ದಾರಿಯ ಮಾತಿನಲ್ಲಿಯೇ ಎಂದೂ ತೋರಿಸುವುದು ಈ ಲೇಖನದ ಉದ್ದೇಶ.

ಕಾರಣವನ್ನು ಮೊದಲು ಹೇಳುವೆವು. ಒಬ್ಬ ಲೇಖಕನು ಬೆಟ್ಟದ ನೆತ್ತಿಯಲ್ಲಿ ಸೂರ್ಯೋದಯವನ್ನು ಕಂಡು ಮೈಮರೆತೆನೆಂದು ಬರೆದರೆ, ಅದು ಸುಳ್ಳೆಂದು ಯಾವ ವಾಚಕನೂ ಹೇಳಲಾರನು. ಮೈಮರೆತವನು ಅವನು, ಸಾಕ್ಷಿಯೂ ಅವನೇ. ಆದರೆ ಅದೇ ಲೇಖಕನು, ಬೆಟ್ಟವನ್ನು ಪೂರ್ವದ ಮಗ್ಗುಲಿನಿಂದ ಏರಬೇಕು, ಬಿಸಿಲೇರುವ ಮುನ್ನ ಇಳಿದುಬಿಡಬೇಕು, ಮೇಲೆ ಕುಡಿಯಲು ನೀರಿಲ್ಲ ಎಂದು ಬರೆದನೆನ್ನಿ. ಈಗ ಓದುಗನೊಬ್ಬನು ಆ ಮಾತನ್ನು ನಂಬಿ ಮನೆಯಿಂದ ಹೊರಡುತ್ತಾನೆ. ಜೊತೆಗೆ ವೃದ್ಧಳಾದ ತಾಯಿಯನ್ನೋ ಚಿಕ್ಕ ಮಕ್ಕಳನ್ನೋ ಕರೆದುಕೊಂಡು ಹೋಗುತ್ತಾನೆ. ಮಾತು ತಪ್ಪಾದರೆ ಅದರ ಫಲವನ್ನು ಉಣ್ಣತಕ್ಕವನು ಅವನು. ಈ ಹೊಣೆಯನ್ನು ಅರಿತ ಲೇಖಕನ ನೋಟವೇ ಬೇರೆಯಾಗುತ್ತದೆ: ಅವನು ನಿಧಾನವಾಗಿ ನೋಡುತ್ತಾನೆ, ಕೇಳಿ ತಿಳಿಯುತ್ತಾನೆ, ಎಣಿಸುತ್ತಾನೆ. ಆ ನೋಟವು ಅವನ ವರ್ಣನೆಗೂ ಹರಿದು ಬರುತ್ತದೆ.

ಇದಕ್ಕೆ ನಮ್ಮ ನಾಡಿನ ಚರಿತ್ರೆಯಲ್ಲಿಯೇ ಒಳ್ಳೆಯ ನಿದರ್ಶನಗಳಿವೆ. ಹೆರಾತಿನ ಅರಸ ಶಾರುಖನ ರಾಯಭಾರಿಯಾಗಿ ಅಬ್ದುರ್ ರಜಾಕನು 1442ರಲ್ಲಿ ಹೊರಟು, ಕಲ್ಲಿಕೋಟೆ ಮಂಗಳೂರುಗಳ ಮಾರ್ಗವಾಗಿ 1443ರಲ್ಲಿ ವಿಜಯನಗರವನ್ನು ಸೇರಿದನು. ಅವನ ಬರಹವನ್ನು ನಾವು ಸಾಮಾನ್ಯವಾಗಿ ವಿಜಯನಗರದ ವೈಭವಕ್ಕೆ ಸಾಕ್ಷಿಯೆಂದು ಮಾತ್ರ ಓದುತ್ತೇವೆ. ಆದರೆ ವೈಭವಕ್ಕೆ ಬರುವ ಮುನ್ನ ಅವನು ಹೇಳುವುದೇನು? ಹೋರ್ಮುಜಿನಲ್ಲಿ ತಡವಾಗಿ, ಹಡಗು ಹೊರಡತಕ್ಕ ಕಾಲವು ಮೀರಿಹೋಯಿತೆಂದೂ, ಮಾರುತದ ಆರಂಭದಲ್ಲಿಯೋ ನಡುವಿನಲ್ಲಿಯೋ ಹೊರಡುವುದೇ ಲೇಸೆಂದೂ, ಕೊನೆಗಾಲದಲ್ಲಿ ಬಿರುಗಾಳಿಯ ಮತ್ತು ಕಡಲುಗಳ್ಳರ ಭಯವಿರುವುದೆಂದೂ ಹೇಳುತ್ತಾನೆ. ಹಡಗಿನ ವಾಸನೆಗೆ ತಾನು ಪ್ರಜ್ಞೆತಪ್ಪಿದುದನ್ನೂ ಮುಚ್ಚಿಡುವುದಿಲ್ಲ. ಕಲ್ಲಿಕೋಟೆಗೆ ಬಂದಮೇಲೆ, ಅಲ್ಲಿ ಇಳಿಸಿದ ಸರಕನ್ನು ಸುಂಕದವರು ಕಾಯುವರೆಂದೂ, ಮಾರಾಟವಾದರೆ ನಲವತ್ತರಲ್ಲೊಂದು ಪಾಲು ಸುಂಕವೆಂದೂ, ಮಾರಾಟವಾಗದಿದ್ದರೆ ಏನನ್ನೂ ಕೇಳುವುದಿಲ್ಲವೆಂದೂ ತಿಳಿಸುತ್ತಾನೆ. ಇದು ಮುಂದೆ ಬರುವ ವರ್ತಕನಿಗೆ ಹೇಳಿದ ಮಾತು. ಆ ಬಂದರಿನ ನ್ಯಾಯವನ್ನು ಇದಕ್ಕಿಂತ ಚೆನ್ನಾಗಿ ಯಾವ ಸ್ತುತಿಯೂ ತಿಳಿಸಲಾರದು. ಹೀಗೆ ಋತುವನ್ನೂ ಸುಂಕವನ್ನೂ ಸರಿಯಾಗಿ ಗಮನಿಸಿದವನು ಮುಂದೆ ವಿಜಯನಗರದ ಏಳು ಸುತ್ತಿನ ಕೋಟೆಯನ್ನೂ, ಹೊರಗೋಡೆಯ ಮುಂದೆ ಆಳೆತ್ತರದ ಕಲ್ಲುಗಳನ್ನು ಅರ್ಧ ಹೂತು ನಿಲ್ಲಿಸಿದ್ದುದನ್ನೂ ವರ್ಣಿಸಿದಾಗ ನಾವು ನಂಬುತ್ತೇವೆ. ನಂಬಿಕೆಯನ್ನು ಅವನು ದಾರಿಯಲ್ಲಿಯೇ ಸಂಪಾದಿಸಿದ್ದಾನೆ.

ಪೋರ್ಚುಗೀಸರ ದೊಮಿಂಗೊ ಪಾಯೆಸನು ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರ ಹೊತ್ತಿಗೆ, ಅದೇ ನಗರಕ್ಕೆ ಬಂದನು. ಅವನ ಬರಹವನ್ನು ರಾಬರ್ಟ್ ಸ್ಯೂಯೆಲ್ಲರು 1900ರಲ್ಲಿ ಇಂಗ್ಲಿಷಿಗೆ ತಂದುದರಿಂದ ಅದು ನಮ್ಮವರಿಗೆ ಪರಿಚಿತವಾಯಿತು. ಭಟ್ಕಳದಿಂದ ಘಟ್ಟವನ್ನೇರುವ ದಾರಿಯನ್ನೂ ಅದರಲ್ಲಿ ಸಾಗುವ ಹೇರೆತ್ತುಗಳ ಸಾಲನ್ನೂ ಅವನು ಹೇಳುತ್ತಾನೆ. ಪೇಟೆಯಲ್ಲಿ ಒಂದು ಹಣಕ್ಕೆ ದ್ರಾಕ್ಷಿಯ ಮೂರು ಗೊಂಚಲು, ದಾಳಿಂಬೆಯಾದರೆ ಹತ್ತು ದೊರೆಯುವುವೆಂದು ಲೆಕ್ಕ ಕೊಡುತ್ತಾನೆ. ನಗರದ ವಿಸ್ತಾರವನ್ನು ಹೇಳಬೇಕಾಗಿ ಬಂದಾಗ ಅವನ ನಡೆಯನ್ನು ಗಮನಿಸಬೇಕು. ತಾನೊಂದು ಗುಡ್ಡವನ್ನು ಹತ್ತಿ ನೋಡಿದೆನೆಂದೂ, ನಡುವೆ ಬೆಟ್ಟಗಳ ಸಾಲುಗಳಿರುವುದರಿಂದ ಇಡೀ ನಗರವು ಕಾಣಲಿಲ್ಲವೆಂದೂ, ಕಂಡಷ್ಟು ಭಾಗವೇ ರೋಮಾಪುರಿಯಷ್ಟು ದೊಡ್ಡದೆಂದು ತೋರಿತೆಂದೂ ಬರೆಯುತ್ತಾನೆ. ಎಲ್ಲಿ ನಿಂತು ನೋಡಿದನು, ಏನು ಕಾಣಲಿಲ್ಲ, ಯಾವುದಕ್ಕೆ ಹೋಲಿಸಿದನು ಎಂಬ ಮೂರು ಸಂಗತಿಗಳೂ ಇಲ್ಲಿವೆ. ಇಂದು ಹಂಪೆಗೆ ಹೋದವರು ಮಾತಂಗ ಪರ್ವತವನ್ನೇರಿ ಬರೆಯುವ ಪುಟಗಳಲ್ಲಿ ಈ ಮೂರರಲ್ಲಿ ಒಂದಾದರೂ ಇದ್ದರೆ ನಾವು ಸಂತೋಷಪಡಬೇಕು.

ಹಾಗೆಂದ ಮಾತ್ರಕ್ಕೆ ದಾರಿಯ ಮಾತೆಲ್ಲವೂ ನಿರ್ದೋಷವೆಂದು ತಿಳಿಯಬಾರದು. ಅದಕ್ಕೆ ತನ್ನದೇ ಆದ ಎರಡು ವ್ಯಾಧಿಗಳಿವೆ. ಇವನ್ನು ಕಾಣಲು ಯುರೋಪಿನ ಕಡೆಗೆ ತಿರುಗಬೇಕು. ಅಲ್ಲಿ ಈ ಬಗೆಯ ಗ್ರಂಥಗಳು ಬಹುಕಾಲದಿಂದ ಬೆಳೆದುಬಂದಿವೆ.

ಸ್ಪೇನ್ ದೇಶದ ವಾಯವ್ಯದಲ್ಲಿರುವ ಸಾಂತಿಯಾಗೊ ಕ್ರೈಸ್ತರ ದೊಡ್ಡ ಯಾತ್ರಾಸ್ಥಳ. ಅಲ್ಲಿಗೆ ನಡೆದು ಹೋಗುವವರಿಗಾಗಿ ಹನ್ನೆರಡನೆಯ ಶತಮಾನದಲ್ಲಿ ಲ್ಯಾಟಿನ್ ಭಾಷೆಯಲ್ಲಿ ರಚಿತವಾದ ಮಾರ್ಗದರ್ಶಿಯೊಂದಿದೆ. ಫ್ರಾನ್ಸಿನಿಂದ ಬರುವ ನಾಲ್ಕು ಹಾದಿಗಳನ್ನೂ, ಯಾವ ಹೊಳೆಯ ನೀರು ಕುಡಿಯಲು ಯೋಗ್ಯ, ಯಾವುದು ವಿಷ ಎಂಬುದನ್ನೂ ಅದು ಹೇಳುತ್ತದೆ. ಅಂಬಿಗರು ಚಿಕ್ಕ ದೋಣಿಯಲ್ಲಿ ಮಿತಿಮೀರಿ ಜನರನ್ನು ತುಂಬುವುದರಿಂದ ಕೆಲವರ ಜೊತೆಯಲ್ಲಿ ಮಾತ್ರ ಹತ್ತಬೇಕೆಂದೂ, ಕುದುರೆಯನ್ನು ಕಡಿವಾಣ ಹಿಡಿದು ದೋಣಿಯ ಹಿಂದೆ ನೀರಿನಲ್ಲಿಯೇ ಈಜಿಸಬೇಕೆಂದೂ ಎಚ್ಚರಿಸುತ್ತದೆ. ಎಷ್ಟು ಪ್ರಾಣಗಳನ್ನು ಈ ಎರಡು ಮಾತುಗಳು ಉಳಿಸಿರಬಹುದು! ಆದರೆ ನವಾರ್ ಸೀಮೆಯ ಉಪ್ಪುಹೊಳೆಯೊಂದರ ಬಳಿ ಇಬ್ಬರು ಕತ್ತಿ ಮಸೆಯುತ್ತ ಕುಳಿತು, ನೀರು ಒಳ್ಳೆಯದೆಂದು ಸುಳ್ಳು ಹೇಳಿ, ಕುಡಿದು ಸತ್ತ ಕುದುರೆಗಳ ಚರ್ಮವನ್ನು ಸುಲಿದರೆಂದು ಹೇಳಿದ ಆ ಗ್ರಂಥಕರ್ತನು ಅಷ್ಟಕ್ಕೆ ನಿಲ್ಲುವುದಿಲ್ಲ. ಆ ಸೀಮೆಯ ಜನರೆಲ್ಲರೂ ಅನಾಗರಿಕರು, ದುಷ್ಟರು ಎಂದು ನಿಂದಿಸತೊಡಗುತ್ತಾನೆ. ಇಬ್ಬರ ವಂಚನೆಯು ಒಂದು ಜನಾಂಗದ ಸ್ವಭಾವವಾಗಿಬಿಡುತ್ತದೆ. ಎಚ್ಚರಿಕೆಯು ನಿಂದೆಯಾಗಿ ತಿರುಗುವುದು ಮೊದಲನೆಯ ವ್ಯಾಧಿ. ಅಂಬಿಗನೊಬ್ಬನು ಹೆಚ್ಚು ಬಾಡಿಗೆ ಕೇಳಿದನೆಂದು ಊರೇ ಸುಲಿಗೆಯವರದೆನ್ನುವ ಬರಹಗಳು ನಮ್ಮಲ್ಲಿಯೂ ಉಂಟು. ಓದಿದವನು ಆ ಊರಿಗೆ ಸಂಶಯವನ್ನು ಹೊತ್ತುಕೊಂಡು ಹೋಗುತ್ತಾನೆ. ಸಂಶಯದಿಂದ ನೋಡಿದವನಿಗೆ ಊರಿನವರೂ ಮುಖ ಕೊಟ್ಟು ಮಾತನಾಡುವುದಿಲ್ಲ.

ಎರಡನೆಯ ವ್ಯಾಧಿ ಇದಕ್ಕೆ ವಿರುದ್ಧವಾದುದು. ಕಳೆದ ಶತಮಾನಕ್ಕೂ ಹಿಂದೆ, ಇಂಗ್ಲೆಂಡಿನಲ್ಲಿ ಮರೆಯವರು 1836ರಿಂದಲೂ, ಜರ್ಮನಿಯಲ್ಲಿ ಕಾರ್ಲ್ ಬೇಡೆಕರರು ಅದೇ ಕಾಲದ ಆಸುಪಾಸಿನಲ್ಲಿಯೂ ಪ್ರವಾಸದ ಕೈಪಿಡಿಗಳನ್ನು ಹೊರಡಿಸಿದರು. 1840ರ ದಶಕದಲ್ಲಿ ಬೇಡೆಕರರು ನೋಡಲೇಬೇಕಾದ ವಸ್ತುಗಳಿಗೆ ನಕ್ಷತ್ರದ ಗುರುತನ್ನು ಹಾಕತೊಡಗಿದರು. ಕಾಲಾವಕಾಶವಿಲ್ಲದ ಯಾತ್ರಿಕನಿಗೆ ಅದು ಉಪಕಾರವೇ ಸರಿ. ಆದರೆ ನಕ್ಷತ್ರವಿದ್ದಲ್ಲಿ ಮಾತ್ರ ನಿಲ್ಲುವ, ಇಲ್ಲದಲ್ಲಿ ಕಣ್ಣೆತ್ತಿಯೂ ನೋಡದ ಪ್ರವಾಸಿಯೂ ಅದರೊಡನೆಯೇ ಹುಟ್ಟಿದನು. ಅಲ್ಲಿ ನಿಂದೆಯಿಲ್ಲ, ಪ್ರಶಂಸೆಯಿದೆ. ಆದರೆ ಅದು ಅಳತೆಯಾಗಿ ಒಣಗಿದ ಪ್ರಶಂಸೆ. ದಾರಿಯ ಮಾತಿನಿಂದ ಅನುಭವವನ್ನು ಕಿತ್ತು ತೆಗೆದರೆ ಉಳಿಯುವುದು ಇದೇ. ಅನುಭವದಿಂದ ದಾರಿಯ ಮಾತನ್ನು ಕಿತ್ತು ತೆಗೆದರೆ ಉಳಿಯುವುದು ನಮ್ಮ ಅನೇಕ ಪ್ರವಾಸಕಥನಗಳ ಉದ್ಗಾರಪರಂಪರೆ. ಎರಡೂ ಒಂದೇ ಗರಗಸದಿಂದ ಕೊಯ್ದ ತುಂಡುಗಳು.

ಇನ್ನು ಕನ್ನಡದ ಕಡೆಗೆ ಬರೋಣ. ನಮ್ಮ ಆಲಂಕಾರಿಕರು ಕಾವ್ಯದ ಶೈಲಿಗೆ ‘ಮಾರ್ಗ’ವೆಂಬ ಹೆಸರನ್ನೇ ಬಳಸಿದರು, ನಮಗೆ ದೊರೆತಿರುವ ಮೊದಲನೆಯ ಕನ್ನಡ ಗ್ರಂಥದ ಹೆಸರಿನಲ್ಲಿಯೇ ಆ ಶಬ್ದವಿದೆ. ಹಾದಿಗೂ ಬರಹದ ರೀತಿಗೂ ಒಂದೇ ಶಬ್ದವುಳ್ಳ ನುಡಿಯಲ್ಲಿ ಹಾದಿಯನ್ನು ಹೇಳುವುದು ಕೀಳು ಕೆಲಸವೆಂಬ ಭಾವನೆ ಹೇಗೆ ಬಂದಿತೋ! ಆಧುನಿಕ ಗದ್ಯದಲ್ಲಿ ವಿ. ಸೀತಾರಾಮಯ್ಯನವರ ‘ಪಂಪಾಯಾತ್ರೆ’ಯು ಹಂಪೆಯ ದರ್ಶನವನ್ನು ಸಾಹಿತ್ಯದ ವಸ್ತುವನ್ನಾಗಿ ಮಾಡಿದ ಮೊದಲಿನ ಕೃತಿಗಳಲ್ಲೊಂದು. ಮುಂದೆ ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಅಮೆರಿಕದಲ್ಲಿ ಗೊರೂರು’ ಎಂಬ ಗ್ರಂಥಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಹೇಮಾವತಿಯ ದಡದ ಹಳ್ಳಿಯ ಹೆಸರು ಆ ದೂರದೇಶದಲ್ಲಿ ನಿಂತಿರುವುದನ್ನು ಶೀರ್ಷಿಕೆಯೇ ಸಾರುತ್ತದೆ. ಯಾವ ಊರಿನ ಕಣ್ಣಿನಿಂದ ನೋಡಿದುದೆಂದು ಮೊದಲೇ ಹೇಳುವುದು ಪಾಯೆಸನು ತನ್ನ ಗುಡ್ಡವನ್ನು ಹೇಳಿದಂತೆಯೇ ಸರಿ.

ನಮ್ಮ ವಾದಕ್ಕೆ ಇನ್ನೂ ಸಮೀಪವಾದುದು ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’. 1978ರಲ್ಲಿ ಅಕಾಡೆಮಿಯ ಪ್ರಶಸ್ತಿ ಪಡೆದ ಈ ಗ್ರಂಥದಲ್ಲಿ ಸಸ್ಯಶಾಸ್ತ್ರದ ಅಧ್ಯಾಪಕರೊಬ್ಬರು ತಮ್ಮ ವಿದ್ಯಾರ್ಥಿಗಳನ್ನು ಕರೆದುಕೊಂಡು ಕಾಡು ಸುತ್ತುತ್ತಾರೆ. ಗಿಡದ ಗುರುತು, ಅದರ ಹೆಸರು, ಅದರ ಉಪಯೋಗ, ಗ್ರಂಥಕರ್ತರೇ ಬರೆದ ಚಿತ್ರ, ಇವೆಲ್ಲವೂ ನಗೆಯ ನಡುನಡುವೆ ಬರುತ್ತವೆ. ಇದರಲ್ಲಿ ಯಾವುದು ಅನುಭವ, ಯಾವುದು ಉಪದೇಶ ಎಂದು ಬೇರ್ಪಡಿಸಲು ಹೊರಟವನು ಸೋಲುತ್ತಾನೆ. ಪುಸ್ತಕವನ್ನು ಮುಚ್ಚಿ ಕಾಡಿಗೆ ಹೋದವನಿಗೆ ಒಂದೆರಡು ಗಿಡಗಳಾದರೂ ಗುರುತು ಸಿಕ್ಕುತ್ತವೆ. ಅದರ ಸಾಹಿತ್ಯಗುಣಕ್ಕೆ ಇದರಿಂದ ಲೋಪವೇನೂ ಬಂದಿಲ್ಲ.

ಇಲ್ಲಿ ಒಂದು ಆಕ್ಷೇಪಣೆ ಏಳಬಹುದು. ದಾರಿಯ ಮಾತು ಬೇಗ ಹಳತಾಗುತ್ತದೆ. ಬಾಡಿಗೆ ಏರುತ್ತದೆ, ಛತ್ರ ಮುಚ್ಚುತ್ತದೆ, ರಸ್ತೆ ಬೇರೆಯಾಗುತ್ತದೆ. ಸಾಹಿತ್ಯವಾದರೋ ಉಳಿಯತಕ್ಕದ್ದು. ಹಾಗಿರುವಾಗ ಕ್ಷಣಿಕವಾದುದನ್ನು ಅದರಲ್ಲಿ ಏಕೆ ಸೇರಿಸಬೇಕು? ಈ ಆಕ್ಷೇಪಣೆಯನ್ನು ಹಂಪೆಯ ಸಂಗತಿಯಿಂದಲೇ ಪರೀಕ್ಷಿಸಬಹುದು. ವಿರೂಪಾಕ್ಷ ದೇವಾಲಯದ ಎದುರಿನ ಬಜಾರಿನ ಕಲ್ಲುಮಂಟಪಗಳಲ್ಲಿ ಜನ ಅಂಗಡಿ ಇಟ್ಟುಕೊಂಡು ಸಂಸಾರ ನಡೆಸುತ್ತಿದ್ದರು. 2011ರಲ್ಲಿ ಅವರನ್ನು ಅಲ್ಲಿಂದ ತೆರವುಗೊಳಿಸಲಾಯಿತು. ಹೊಳೆಯಾಚೆಯ ವಿರೂಪಾಪುರಗಡ್ಡೆಯ ವಸತಿಗೃಹಗಳು 2020ರಲ್ಲಿ ನೆಲಸಮವಾದುವು. ಬಜಾರಿನಲ್ಲಿ ಉಂಡು ಗಡ್ಡೆಯಲ್ಲಿ ತಂಗಿರಿ ಎಂದು ಇಸವಿಯಿಲ್ಲದೆ ಬರೆದ ಪುಟವು ಇಂದಿನ ಯಾತ್ರಿಕನನ್ನು ದಾರಿತಪ್ಪಿಸುತ್ತದೆ. ಇಂಥ ವರ್ಷ, ಇಂಥ ಮಂಟಪದಲ್ಲಿ, ಇಷ್ಟು ಹಣಕ್ಕೆ ಊಟ ಮಾಡಿದೆವೆಂದು ಬರೆದ ಪುಟವು ಯಾತ್ರಿಕನಿಗೆ ಉಪಯೋಗವಾಗದಿದ್ದರೂ, ಅಲ್ಲಿ ಒಂದು ಕಾಲಕ್ಕೆ ಒಲೆ ಉರಿಯುತ್ತಿತ್ತೆಂಬುದಕ್ಕೆ ದಾಖಲೆಯಾಗಿ ನಿಲ್ಲುತ್ತದೆ. ಪಾಯೆಸನ ದ್ರಾಕ್ಷಿಯ ಬೆಲೆಯೂ ಹಳತಾಗಿದೆ. ಆದರೂ ಅದನ್ನು ಚರಿತ್ರಕಾರರು ಇಂದಿಗೂ ಎತ್ತಿ ಹೇಳುತ್ತಾರೆ. ಕಾಲವನ್ನು ನಮೂದಿಸಿದ ಬೆಲೆಯು ಚರಿತ್ರೆಯಾಗುತ್ತದೆ. ನಮೂದಿಸದ ಬೆಲೆಯು ಸುಳ್ಳಾಗುತ್ತದೆ.

ಹಳತಾಗದ ದಾರಿಯ ಮಾತುಗಳೂ ಉಂಟು. ಹಂಪೆಯ ಬಂಡೆಗಳು ಏಪ್ರಿಲ್, ಮೇ ತಿಂಗಳುಗಳಲ್ಲಿ ಹಗಲಿನ ಕಾವನ್ನು ಹೀರಿಕೊಂಡು ಸಂಜೆಯವರೆಗೂ ಉಗುಳುತ್ತಿರುತ್ತವೆ. ಆದುದರಿಂದ ಕಾರ್ತಿಕದಿಂದ ಮಾಘದವರೆಗಿನ ಕಾಲವೇ ನಡೆದು ನೋಡುವುದಕ್ಕೆ ಯೋಗ್ಯ. ತುಂಗಭದ್ರೆಗೆ ಮೇಲ್ಗಡೆ 1953ರಲ್ಲಿ ಮುಗಿದ ಅಣೆಕಟ್ಟಿದೆ. ಮಳೆಗಾಲದಲ್ಲಿ ಅದರ ಬಾಗಿಲುಗಳನ್ನು ತೆರೆದರೆ, ಹಂಪೆಯಲ್ಲಿ ಹನಿ ಮಳೆಯಿಲ್ಲದಿದ್ದರೂ ಹೊಳೆ ಏರುತ್ತದೆ, ಪುರಂದರದಾಸರ ಮಂಟಪವು ಮುಳುಗುತ್ತದೆ, ಹರಿಗೋಲು ನಿಲ್ಲುತ್ತದೆ, ಆನೆಗೊಂದಿಗೆ ಸೇತುವೆಯ ಮೇಲೆ ಸುತ್ತಿ ಹೋಗಬೇಕಾಗುತ್ತದೆ. ಇದನ್ನು ತಿಳಿಯದೆ ಆಕಾಶವು ನಿರ್ಮಲವಾಗಿದೆಯೆಂದು ನೀರಿಗಿಳಿಯುವುದು ಅಪಾಯ. ಮುಳುಗಿದ ಮಂಟಪವನ್ನು ಕುರಿತು ನಾಲ್ಕು ಪುಟ ಕರುಣರಸವನ್ನು ಸುರಿಸಿ, ಹೊಳೆಯು ಏಕೆ ಏರಿತೆಂಬ ಒಂದು ವಾಕ್ಯವನ್ನು ಬರೆಯದ ಲೇಖಕನನ್ನು ಸಹೃದಯನೆಂದು ಕರೆಯಲು ನಮಗೆ ಮನಸ್ಸು ಬಾರದು. ಆ ಒಂದು ವಾಕ್ಯದಲ್ಲಿ ಮುಂದೆ ಬರುವವನ ಮೇಲಿನ ಕರುಣೆಯಿದೆ.

ಆದುದರಿಂದ ಪ್ರವಾಸಗ್ರಂಥವನ್ನು ಕೈಗೆತ್ತಿಕೊಂಡ ವಿಮರ್ಶಕನು ವರ್ಣನೆಯ ಸೊಗಸನ್ನು ತೂಗುವುದರ ಜೊತೆಗೆ ಕೆಲವು ಸರಳವಾದ ಪ್ರಶ್ನೆಗಳನ್ನೂ ಕೇಳಬೇಕು. ಲೇಖಕನು ಯಾವ ಕಾಲದಲ್ಲಿ ಹೋದನು, ಎಷ್ಟು ದಿನ ನಿಂತನು ಎಂದು ಹೇಳಿದ್ದಾನೆಯೆ? ತಾನು ಕಂಡುದನ್ನೂ ಪರರಿಂದ ಕೇಳಿದುದನ್ನೂ ಬೇರೆಬೇರೆಯಾಗಿ ಇಟ್ಟಿದ್ದಾನೆಯೆ? ಕಾಣದೆ ಉಳಿದುದನ್ನು ಹೇಳಿದ್ದಾನೆಯೆ? ಹಣವಿಲ್ಲದವನು, ಹೆಂಗಸರು, ನಡೆಯಲಾರದ ವೃದ್ಧರು ಅಲ್ಲಿಗೆ ಹೋದರೆ ಏನಾಗುವುದೆಂದು ಒಮ್ಮೆಯಾದರೂ ಯೋಚಿಸಿದ್ದಾನೆಯೆ? ಆ ಊರಿನ ಜನ ಅವನ ಪುಸ್ತಕದಲ್ಲಿ ಬಾಡಿಗೆ ಕೇಳುವ ಕೈಗಳಾಗಿ ಮಾತ್ರ ಇದ್ದಾರೆಯೋ, ಮಾತನಾಡುವ ಮನುಷ್ಯರಾಗಿ ಇದ್ದಾರೆಯೋ?

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ನಮ್ಮ ಹಿರಿಯರು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರು. ಪ್ರವಾಸಗ್ರಂಥವು ಈ ಎರಡೂ ಕೂಡುವ ಸ್ಥಳ. ಅದನ್ನು ಓದಿದವರಲ್ಲಿ ಕೆಲವರು ಹೊರಡುತ್ತಾರೆ, ಹಲವರು ಮನೆಯಲ್ಲಿಯೇ ಉಳಿಯುತ್ತಾರೆ. ಹೊರಟವನಿಗೆ ಅದು ದಾರಿ ತಪ್ಪಿಸಬಾರದು. ಉಳಿದವನಿಗೆ ಆ ಊರನ್ನು ಕುರಿತು ತಪ್ಪು ತಿಳಿವಳಿಕೆಯನ್ನು ಕೊಡಬಾರದು. ಈ ಎರಡು ಹೊಣೆಗಳನ್ನೂ ಒಪ್ಪಿಕೊಂಡ ಗ್ರಂಥಗಳು ನಮ್ಮ ನುಡಿಯಲ್ಲಿ ಹೆಚ್ಚಲಿ ಎಂದೂ, ಅಂಥವು ಬಂದಾಗ ನಮ್ಮ ವಿಮರ್ಶಕರು ಅವುಗಳ ಅನುಬಂಧವನ್ನು ಬಿಡದೆ ಓದಲಿ ಎಂದೂ ಹಾರೈಸುತ್ತೇವೆ.